ದುರ್ಯೋಧನನ ಶ್ರುತಿ

ಶನಿವಾರ ಸಂಜೆ ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಡುವ ರೈಲಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ವಾರವೆಲ್ಲ ನಗರದಲ್ಲಿ ದುಡಿದು ಭಾನುವಾರಕ್ಕೆ ಊರು ಸೇರುವವರ ಗುಂಪು ಅದು. ಆ ಗುಂಪಿನ ನಡುವೆ, ಬಾಗಿಲಿನ ಪಕ್ಕದ ಮೂಲೆಯಲ್ಲಿ, ನಲವತ್ತೈದರ ಆಸುಪಾಸಿನ ವ್ಯಕ್ತಿಯೊಬ್ಬ ಕಣ್ಣು ಮುಚ್ಚಿ ನಿಂತಿದ್ದ. ಆತನ ತುಟಿಗಳು ಅಲುಗುತ್ತಿದ್ದವು. ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡುತ್ತಿದ್ದಿತು. ಎದುರಿಗೆ ಕುಳಿತಿದ್ದ ವೃದ್ಧೆಯೊಬ್ಬರು ಅದನ್ನು ಕಂಡು, ಈ ಕಾಲದಲ್ಲಿಯೂ ಸಂಜೆಯ ಜಪವನ್ನು ಬಿಡದ ಸಜ್ಜನನೆಂದು ಭಾವಿಸಿ, ತಮ್ಮ ಗಂಟನ್ನು ಸರಿಸಿ ಸ್ಥಳ ಮಾಡಿಕೊಟ್ಟರು. ಆತ ಕೈಮುಗಿದು ಕುಳಿತ. ಆದರೆ ಆತ ಮಾಡುತ್ತಿದ್ದುದು ಜಪವಾಗಿರಲಿಲ್ಲ. ಪಾಂಡವರಿಗೆ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲವೆಂದು ಶ್ರೀಕೃಷ್ಣನಿಗೆ ಖಡಾಖಂಡಿತವಾಗಿ ಹೇಳುವ ಕಂದಪದ್ಯವೊಂದನ್ನು ಆತ ಮಾತ್ರೆಗಳ ಲೆಕ್ಕ ಹಿಡಿದು ಬಾಯಿಪಾಠ ಮಾಡುತ್ತಿದ್ದ.

ಆತ ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಊರು ಗುಬ್ಬಿಯ ಆಚೆಗಿನ ಒಂದು ಹಳ್ಳಿ. ಆ ವರ್ಷದ ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕವನ್ನು ಆಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ದುರ್ಯೋಧನನ ಪಾತ್ರ ಆತನದಾಗಿದ್ದಿತು.

ತುಮಕೂರು, ಮಂಡ್ಯ, ಹಾಸನ, ರಾಮನಗರ, ಕೋಲಾರದ ಸೀಮೆಗಳನ್ನು ಬಲ್ಲವರಿಗೆ ಈ ನಾಟಕಗಳ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಬೇಸಾಯಗಾರ, ಬಸ್ಸಿನ ಕಂಡಕ್ಟರು, ಹಾಲಿನ ಡೈರಿಯ ಕಾರ್ಯದರ್ಶಿ, ಶಾಲೆಯ ಉಪಾಧ್ಯಾಯ, ಎಲ್ಲರೂ ಸೇರಿ ಮೂರು ನಾಲ್ಕು ತಿಂಗಳು ರಾತ್ರಿಯ ಹೊತ್ತು ತಾಲೀಮು ನಡೆಸುತ್ತಾರೆ. ಕಲಿಸುವವರು ಹಾರ್ಮೋನಿಯಂ ಮೇಷ್ಟರು. ನಾಟಕವಾಡಿ ಹಣ ಸಂಪಾದಿಸುವುದು ಇಲ್ಲಿಲ್ಲ. ಪಾತ್ರ ವಹಿಸುವವನೇ ಹಣ ಕಟ್ಟಬೇಕು. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸೈಂಧವನಿಗೆ ಕಡಿಮೆ, ದ್ವಾರಪಾಲಕನಿಗೆ ಇನ್ನೂ ಕಡಿಮೆ. ಮೇಷ್ಟರ ಸಂಭಾವನೆ, ಪರದೆ ಮತ್ತು ಸೀನರಿಗಳ ಬಾಡಿಗೆ, ಉಡುಪು, ಬಣ್ಣ, ದೀಪ, ಸ್ತ್ರೀಪಾತ್ರಗಳಿಗಾಗಿ ಪಟ್ಟಣದಿಂದ ಬರುವ ಕಲಾವಿದೆಯರ ಸಂಭಾವನೆ, ಎಲ್ಲವೂ ಆ ಹಣದಿಂದಲೇ ನಡೆಯಬೇಕು. ಒಂದು ರಾತ್ರಿ ರಾಜನಾಗುವುದಕ್ಕೆ ಒಂದು ತಿಂಗಳ ಮನೆಖರ್ಚಿನಷ್ಟು ಹಣವನ್ನು ತೆರುವುದು ಹುಚ್ಚಲ್ಲವೇ ಎಂದು ಕೇಳುವವರುಂಟು. ಗುಮಾಸ್ತನ ಹೆಂಡತಿ ಹಾಗೆ ಕೇಳಲಿಲ್ಲ. ಮಗಳ ಕಾಲೇಜಿನ ಶುಲ್ಕವನ್ನು ಕಟ್ಟಿದ ರಸೀದಿಯನ್ನು ಮೊದಲು ತೋರಿಸಿರೆಂದು ಮಾತ್ರ ಹೇಳಿದಳು. ಆತ ತೋರಿಸಿದ. ಅನಂತರ ಆಕೆ ಮಾತನಾಡಲಿಲ್ಲ. ಪ್ರತಿ ಶನಿವಾರವೂ ಜೀರಿಗೆಯ ಕಷಾಯವನ್ನು ಫ್ಲಾಸ್ಕಿಗೆ ತುಂಬಿ ಚೀಲದಲ್ಲಿಡುತ್ತಿದ್ದಳು.

ಹಳ್ಳಿಗಳಿಗೆ ಈ ಹುಚ್ಚನ್ನು ಹಿಡಿಸಿದ್ದು ವೃತ್ತಿ ನಾಟಕ ಮಂಡಲಿಗಳು. ಆತನ ಊರಿನವರಿಗಂತೂ ಅದು ನೆರೆಮನೆಯ ಆಸ್ತಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ವೀರಣ್ಣನವರ ಹೆಸರಿನಿಂದ ನಾಡಿನಲ್ಲೆಲ್ಲ ಪ್ರಸಿದ್ಧವಾಯಿತು. 1934ರಲ್ಲಿ ಆ ಕಂಪನಿಯವರು ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಬೆಂಗಳೂರಿನಲ್ಲಿ ಆಡಿದಾಗ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಅದನ್ನು ಕಂಡವರು ಊರಿಗೆ ಹಿಂದಿರುಗಿ ಹೇಳಿದರು. ಕೇಳಿದವರು ಇನ್ನಷ್ಟು ಸೇರಿಸಿ ಹೇಳಿದರು. ಆನೆ ಕುದುರೆಗಳನ್ನು ತರಲಾರದ ಹಳ್ಳಿಗಳು ಹಾಡನ್ನು ತಂದುಕೊಂಡವು. 1972ರಲ್ಲಿ ವೀರಣ್ಣನವರು ತೀರಿಕೊಂಡರು. ದೊಡ್ಡ ಕಂಪನಿಗಳು ಒಂದೊಂದಾಗಿ ಡೇರೆ ಕಿತ್ತವು. ಆದರೆ ಆ ಕಂಪನಿಗಳ ಗಾನ ಮಾತ್ರ ಹಳ್ಳಿಯ ಕೊರಳುಗಳಲ್ಲಿ ಉಳಿಯಿತು.

ಗುಮಾಸ್ತನ ತಂದೆಯದು ಅಂಥ ಒಂದು ಕೊರಳು. ಸುಮಾರು ಮೂವತ್ತು ವರ್ಷ ಆ ಊರಿನ ದುರ್ಯೋಧನ ಆತನೇ. ಊರಿಗೆ ಇನ್ನೂ ವಿದ್ಯುತ್ತು ಬಾರದಿದ್ದ ದಿನಗಳಲ್ಲಿ, ಗ್ಯಾಸ್ ಲೈಟಿನ ಬೆಳಕಿನಲ್ಲಿ, ಆತ ನಾಲ್ಕು ಮನೆಯ ಶ್ರುತಿಯಲ್ಲಿ ನಿಂತು ತಾರಸ್ಥಾಯಿಯಲ್ಲಿ ಕಂದವನ್ನೆತ್ತಿದರೆ ಕೆರೆಯ ಏರಿಯ ಮೇಲೆ ಗಾಡಿ ಹೊಡೆಯುತ್ತಿದ್ದವನು ಎತ್ತುಗಳನ್ನು ನಿಲ್ಲಿಸುತ್ತಿದ್ದನಂತೆ. ಸಂಗೀತದ ಮಾತು ತಿಳಿಯದವರಿಗಾಗಿ ಹೇಳಬಹುದಾದುದು ಇಷ್ಟು: ಹಾರ್ಮೋನಿಯಂನ ಮೊದಲನೆಯ ಬಿಳಿಯ ಮನೆಯಿಂದ ಎಣಿಸಿ ಎಷ್ಟನೆಯ ಮನೆಯನ್ನು ಷಡ್ಜವಾಗಿ ಇಟ್ಟುಕೊಳ್ಳುತ್ತಾರೆಯೋ ಅದು ಹಾಡುವವನ ಶ್ರುತಿ. ಸಾಧಾರಣ ಗಂಡಸಿಗೆ ಒಂದು, ಒಂದೂವರೆ, ಹೆಚ್ಚೆಂದರೆ ಎರಡು ಮನೆ ಸುಖ. ನಾಲ್ಕು ಮನೆಯೆಂಬುದು ಕಡಿದಾದ ಬೆಟ್ಟ.

ಈಗ ತಂದೆಗೆ ಎಂಬತ್ತು ದಾಟಿದೆ. ಎರಡು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದು ಮಾತು ತೊದಲಾಯಿತು. ದಿನಕ್ಕೆ ನಾಲ್ಕೈದು ಮಾತುಗಳ ಮೇಲೆ ಆಡುವುದಿಲ್ಲ. ಜಗಲಿಯ ಮಂಚದ ಮೇಲೆ ಬೀದಿಯ ಕಡೆ ಮುಖ ಮಾಡಿ ಮಲಗಿರುತ್ತಾನೆ. ಮಗ ಪಾತ್ರ ಹಿಡಿದ ಸುದ್ದಿಯನ್ನು ತಿಳಿಸಿದಾಗ ಆತ ಏನನ್ನೂ ಹೇಳಲಿಲ್ಲ. ಒಳಗಿನ ಪೆಟ್ಟಿಗೆಯ ಕಡೆಗೆ ಕೈ ತೋರಿಸಿದ. ಅದರಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಪಾತ್ರದ ಪುಸ್ತಕವಿದ್ದಿತು. ಹಾಳೆಗಳ ಅಂಚುಗಳು ಹಣ್ಣೆಲೆಯಂತೆ ಮುರಿಯುತ್ತಿದ್ದವು. ಪ್ರತಿಯೊಂದು ಪದ್ಯದ ಪಕ್ಕದಲ್ಲಿಯೂ ರಾಗದ ಹೆಸರನ್ನು ಬರೆದು, ಶ್ರುತಿಯನ್ನು ಸೂಚಿಸಲು ನಾಲ್ಕು ಎಂದು ಗುರುತು ಹಾಕಿದ್ದಿತು. ಮಗ ಅದನ್ನು ಕಣ್ಣಿಗೊತ್ತಿಕೊಂಡ. ನಾಲ್ಕು ಮನೆಯಲ್ಲಿಯೇ ಹಾಡುವೆನೆಂದು ಅಂದೇ ನಿಶ್ಚಯಿಸಿದ.

ತಾಲೀಮು ನಡೆಯುತ್ತಿದ್ದುದು ದೇವಸ್ಥಾನದ ಪಕ್ಕದ ಭಜನೆಯ ಮನೆಯಲ್ಲಿ. ಮೇಷ್ಟರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅವರ ಹಾರ್ಮೋನಿಯಂ ಕಾಲಿನಿಂದ ತುಳಿದು ನುಡಿಸುವ ಹಳೆಯ ಕಾಲದ್ದು. ಈ ವಾದ್ಯ ಹುಟ್ಟಿದ್ದು ಯೂರೋಪಿನಲ್ಲಿ. ನಮ್ಮ ವಿದ್ವಾಂಸರು ಇದನ್ನು ಬಹುಕಾಲ ಒಪ್ಪಲಿಲ್ಲ. ಸ್ವರಗಳ ನಡುವಣ ಗಮಕವನ್ನು ಇದು ನುಡಿಸಲಾರದೆಂಬ ಆಕ್ಷೇಪಣೆಯಿಂದ ಆಕಾಶವಾಣಿಯವರು 1940ರಿಂದ 1971ರವರೆಗೆ ಇದನ್ನು ತಮ್ಮ ನಿಲಯಗಳ ಒಳಕ್ಕೆ ಬಿಡಲಿಲ್ಲ. ವಿದ್ವಾಂಸರ ಆಕ್ಷೇಪಣೆ ಸರಿಯಾದುದೇ. ಆದರೆ ಹಗಲೆಲ್ಲ ಗುದ್ದಲಿ ಹಿಡಿದು ರಾತ್ರಿ ಹಾಡಲು ಬರುವವನಿಗೆ, ತಾನು ಜಾರಿದಾಗಲೂ ಜಾರದೆ ನಿಲ್ಲುವ ಸ್ವರವೊಂದು ಬೇಕು. ಕತ್ತಲಲ್ಲಿ ನಡೆಯುವವನಿಗೆ ಗೋಡೆಯಿದ್ದಂತೆ ಅದು.

ಮೇಷ್ಟರು ಮೊದಲ ದಿನವೇ ಗುಮಾಸ್ತನನ್ನು ಕೇಳಿದರು: “ಶ್ರುತಿ ಎಷ್ಟಪ್ಪಾ?”

“ನಾಲ್ಕು, ಮೇಷ್ಟ್ರೇ.”

“ಅದು ನಿಮ್ಮಪ್ಪನ ಶ್ರುತಿ. ನಿನ್ನದು ಎಷ್ಟು?”

“ನನ್ನದೂ ಅದೇ.”

ಮೇಷ್ಟರು ಮುಂದೆ ಕೇಳಲಿಲ್ಲ. ನಾಲ್ಕನೆಯ ಮನೆಯನ್ನೇ ಒತ್ತಿದರು. ಆತ ಹಾಡಿದ. ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿದವು, ತಾರಷಡ್ಜ ತಲುಪಿತು. ಸುತ್ತಲಿದ್ದವರು ಭೇಷೆಂದರು. ಮೇಷ್ಟರು ಮಾತ್ರ, “ಪದ್ಯದಲ್ಲಿ ಏನಿದೆ ಹೇಳು,” ಎಂದರು. ಆತ ಮತ್ತೆ ಹಾಡತೊಡಗಿದ. “ಹಾಡಬೇಡ, ಹೇಳು,” ಎಂದರು. ಆತ ತಡವರಿಸಿದ. ಪದ್ಯ ಬಾಯಿಗೆ ಬಂದಿದ್ದಿತು, ಅರ್ಥ ಬಂದಿರಲಿಲ್ಲ.

ಅಂದಿನಿಂದ ಪಾಠ ಬೇರೆಯ ರೀತಿಯಲ್ಲಿ ನಡೆಯಿತು. ಕಂದಪದ್ಯಕ್ಕೆ ತಾಳವಿಲ್ಲ, ಆದುದರಿಂದ ಅದನ್ನು ಹೇಗೆ ಬೇಕಾದರೂ ಎಳೆಯಬಹುದೆಂಬುದು ಹೊಸಬರ ಭಾವನೆ. ಅದು ತಪ್ಪು. ಅದಕ್ಕೆ ಒಳಗೊಂದು ಲೆಕ್ಕವಿದೆ. ನಾಲ್ಕು ಮಾತ್ರೆಗಳಿಗೆ ಒಂದು ಗಣ. ಒಂದನೆಯ ಮತ್ತು ಮೂರನೆಯ ಸಾಲುಗಳಲ್ಲಿ ಮೂರು ಮೂರು ಗಣಗಳು; ಎರಡನೆಯ ಮತ್ತು ನಾಲ್ಕನೆಯ ಸಾಲುಗಳಲ್ಲಿ ಐದೈದು. ದೊಡ್ಡ ಸಾಲಿನ ನಡುವಣ ಗಣದಲ್ಲಿ ಲಘು, ಗುರು, ಲಘು ಎಂದು ಬರಬೇಕು; ಇಲ್ಲವೇ ನಾಲ್ಕೂ ಲಘುಗಳಾಗಬೇಕು. ಹಾಡುವವನು ಪದವನ್ನು ಒಡೆಯದೆ, ಈ ನಡೆಯನ್ನು ಕೆಡಿಸದೆ, ಉಸಿರು ತೆಗೆದುಕೊಳ್ಳುವ ಸ್ಥಳವನ್ನು ಹುಡುಕಿಕೊಳ್ಳಬೇಕು. ಉಸಿರಿಗಾಗಿ ಪದದ ನಡುವೆ ನಿಂತರೆ ‘ಕೊಡೆನು’ ಎಂಬುದು ‘ಕೊಡೆ’ ಎಂದು ಕೇಳಿಸಿ, ದುರ್ಯೋಧನನು ರಾಯಭಾರದಲ್ಲಿಯೇ ರಾಜಿಗೆ ಒಪ್ಪಿದಂತಾದೀತು ಎಂದು ಮೇಷ್ಟರು ನಗಿಸುತ್ತಿದ್ದರು. ಗುಮಾಸ್ತನಿಗೆ ಈ ಪಾಠ ಹಿಡಿಸಿತು. ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು, ಕೂಡಿದರೆ ಅರವತ್ತನಾಲ್ಕು. ಅಂಗಡಿಯ ಖಾತೆಯಂತೆ ಪ್ರತಿಯೊಂದು ಪದ್ಯದ ಲೆಕ್ಕವೂ ತಾಳೆಯಾಗುತ್ತಿದ್ದಿತು. ರೈಲಿನಲ್ಲಿ ಆತನ ಹೆಬ್ಬೆರಳು ಎಣಿಸುತ್ತಿದ್ದುದು ಇದನ್ನೇ.

ಆದರೆ ಶ್ರುತಿಯನ್ನು ಮಾತ್ರ ಆತ ಇಳಿಸಲಿಲ್ಲ. ವಾರದ ಆರು ದಿನವೂ ಬೆಳಗಿನ ಐದು ಗಂಟೆಗೆ ಮನೆಯ ಮಹಡಿಯ ಮೇಲೆ ನಿಂತು, ನೀರಿನ ತೊಟ್ಟಿಯ ಮರೆಯಲ್ಲಿ, ನೆರೆಹೊರೆಯವರ ಬೈಗುಳಕ್ಕೆ ಅಂಜುತ್ತಲೇ ಕೂಗಿದ. ಎರಡು ತಿಂಗಳಾಗುವ ವೇಳೆಗೆ ದನಿ ಒಡೆಯಿತು. ಮೊದಲು ಮೇಲಿನ ಸ್ವರಗಳು ಹೋದವು. ಅನಂತರ ಮಾತೇ ಗೊಗ್ಗರಾಯಿತು. ಅಂಗಡಿಯಲ್ಲಿ ಟೆಲಿಫೋನನ್ನು ಎತ್ತಿದರೆ, “ಯಾರು ಮಾತಾಡ್ತಿರೋದು?” ಎಂದು ಹಳೆಯ ಗಿರಾಕಿಗಳೇ ಕೇಳತೊಡಗಿದರು. ಮೂರು ವಾರ ಕಳೆದರೂ ಸರಿಹೋಗದಿರಲು ಹೆಂಡತಿ ಆತನನ್ನು ಗಂಟಲಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದಳು.

ವೈದ್ಯರು ಸಣ್ಣ ಕ್ಯಾಮರಾ ಇಳಿಸಿ ಗಂಟಲಿನ ಒಳಭಾಗವನ್ನು ಪರದೆಯ ಮೇಲೆ ತೋರಿಸಿದರು. ಎರಡು ಧ್ವನಿತಂತುಗಳು ಒಂದಕ್ಕೊಂದು ತಾಗಿ ಬಿಡುತ್ತ ಅದುರಿದಾಗ ದನಿ ಹುಟ್ಟುತ್ತದೆ. ಗಂಡಸು ಸಾಧಾರಣವಾಗಿ ಮಾತನಾಡುವಾಗ ಅವು ಸೆಕೆಂಡಿಗೆ ಸುಮಾರು 100ರಿಂದ 150 ಸಲ ಅದುರುತ್ತವೆ. ಮಧ್ಯಷಡ್ಜದಿಂದ ತಾರಷಡ್ಜಕ್ಕೆ ಏರಿದರೆ ಅದುರುವ ಸಂಖ್ಯೆ ಎರಡರಷ್ಟಾಗುತ್ತದೆ. ಅಭ್ಯಾಸವಿಲ್ಲದ ಕೊರಳನ್ನು ಬಿಗಿಹಿಡಿದು ಅಲ್ಲಿಗೆ ಏರಿಸಿದರೆ, ತಂತುಗಳು ಪರಸ್ಪರ ಬಡಿದುಕೊಂಡು ಊದಿಕೊಳ್ಳುತ್ತವೆ. ಹಟ ಹಿಡಿದು ಮುಂದುವರಿಸಿದರೆ ಅಂಗೈಯ ಮೇಲೆ ಜಡ್ಡು ಕಟ್ಟುವಂತೆ ಅವುಗಳ ಮೇಲೆಯೂ ಸಣ್ಣ ಗಂಟು ಕಟ್ಟುತ್ತದೆ. ಗುಮಾಸ್ತನಿಗೆ ಗಂಟು ಇನ್ನೂ ಕಟ್ಟಿರಲಿಲ್ಲ, ಊತವಿದ್ದಿತು. “ಎರಡು ವಾರ ಮಾತಾಡಬೇಡಿ. ಪಿಸುಗುಟ್ಟಲೂ ಬೇಡಿ, ಅದರಿಂದಲೂ ಶ್ರಮವಾಗುತ್ತದೆ. ಬೇಕಾದ್ದನ್ನು ಬರೆದು ತೋರಿಸಿ,” ಎಂದರು ವೈದ್ಯರು. ನಾಟಕಕ್ಕೆ ಐದು ವಾರ ಉಳಿದಿದ್ದಿತು.

ಆ ಶನಿವಾರ ಆತ ಭಜನೆಯ ಮನೆಯಲ್ಲಿ ಮೂಕನಂತೆ ಕುಳಿತ. ಮೇಷ್ಟರು ಚೀಟಿಯನ್ನು ಓದಿ, ಬಹಳ ಹೊತ್ತು ಸುಮ್ಮನಿದ್ದು, “ಎರಡು ಮನೆಗೆ ಇಳಿಸೋಣ. ಪಾತ್ರ ಕೆಡೋದಿಲ್ಲ,” ಎಂದರು. ಆತ ತಲೆಯಾಡಿಸಿ, ಚೀಟಿಯ ಹಿಂಬದಿಯಲ್ಲಿ ಬರೆದ: “ಅಪ್ಪನ ಪಾತ್ರ. ಇಳಿಸುವುದಿಲ್ಲ. ಆಗದಿದ್ದರೆ ಪಾತ್ರವನ್ನೇ ಬಿಟ್ಟುಕೊಡುತ್ತೇನೆ.” ಮೇಷ್ಟರು ಅದನ್ನೋದಿ ನಕ್ಕರು. “ನಿನ್ನನ್ನು ದುರ್ಯೋಧನ ಅಂತ ಬೇರೆ ಯಾರೂ ಒಪ್ಪದಿದ್ದರೂ ನಾನು ಒಪ್ಪಿದೆ,” ಎಂದರು.

ಹಾಡಲಾಗದ ಆ ಎರಡು ವಾರಗಳಲ್ಲಿ ಗುಮಾಸ್ತನಿಗೆ ಓದುವುದೊಂದೇ ಉಳಿಯಿತು. ರೈಲಿನಲ್ಲಿ, ಅಂಗಡಿಯ ಬಿಡುವಿನಲ್ಲಿ, ರಾತ್ರಿ ದೀಪದ ಕೆಳಗೆ ಆತ ತಂದೆಯ ಪುಸ್ತಕವನ್ನು ಮೌನವಾಗಿ ಓದಿದ. ರಾಗವಿಲ್ಲದೆ, ಶ್ರುತಿಯಿಲ್ಲದೆ ಓದುವಾಗ ಮೊದಲ ಸಲ ಆ ಪದ್ಯಗಳು ಮಾತಾಗಿ ಕಂಡವು. ಗರ್ಜನೆಯೆಂದು ತಿಳಿದಿದ್ದ ಪದ್ಯವೊಂದು ಕರ್ಣನ ಹೆಣದ ಮುಂದೆ ಹೇಳುವ ಮಾತು ಎಂಬುದು ಆಗ ಗಮನಕ್ಕೆ ಬಂದಿತು. ಅದನ್ನು ಆತ ಅಷ್ಟು ದಿನವೂ ಸಭೆಯನ್ನು ಗೆಲ್ಲುವವನಂತೆ ಎದೆಯುಬ್ಬಿಸಿ ಹಾಡುತ್ತಿದ್ದ!

ಆತನಿಗೆ ಕಾಲೇಜಿನಲ್ಲಿ ಓದಿದ್ದ ರನ್ನನ ‘ಗದಾಯುದ್ಧ’ ನೆನಪಾಯಿತು. ಸಾವಿರ ವರ್ಷಗಳ ಹಿಂದೆ ಬರೆದ ಆ ಕಾವ್ಯದಲ್ಲಿ ದುರ್ಯೋಧನನು ರಣರಂಗದಲ್ಲಿ ಹೆಣಗಳ ನಡುವೆ ನಡೆದುಹೋಗುತ್ತಾನೆ. ದ್ರೋಣರನ್ನು ಕಾಣುತ್ತಾನೆ, ಶತ್ರುವಿನ ಮಗನಾದ ಅಭಿಮನ್ಯುವನ್ನು ಕಂಡು ಅವನ ಪರಾಕ್ರಮವನ್ನು ಹೊಗಳುತ್ತಾನೆ, ತಮ್ಮನನ್ನೂ, ಮಗನನ್ನೂ, ಕೊನೆಗೆ ಕರ್ಣನನ್ನೂ ಕಾಣುತ್ತಾನೆ. ಅವನ ಛಲವನ್ನು ಪಂಪನೂ ಮೆಚ್ಚಿದ್ದಾನೆ. ಛಲ ದೊಡ್ಡ ಗುಣ. ಆದರೆ ಆ ಛಲಕ್ಕೆ ಬೆಲೆ ತೆತ್ತವರು ಯಾರು ಯಾರೆಂಬುದನ್ನು ರನ್ನನು ಒಬ್ಬೊಬ್ಬರನ್ನಾಗಿ ಎಣಿಸಿ ತೋರಿಸುತ್ತಾನೆ. ಲೆಕ್ಕ ಬಲ್ಲ ಗುಮಾಸ್ತನಿಗೆ ಆ ಎಣಿಕೆಯ ಅರ್ಥವಾಯಿತು. ತಾನು ಹಟ ಹಿಡಿದಿರುವುದು ತಂದೆಯ ಪಾತ್ರಕ್ಕೋ, ತಂದೆಯ ಕೀರ್ತಿಗೋ ಎಂದು ಆತ ಮೊದಲ ಸಲ ತನ್ನನ್ನೇ ಕೇಳಿಕೊಂಡ.

ಮೌನ ಮುಗಿದ ಮೇಲಿನ ಶನಿವಾರ ಆತ ಮೇಷ್ಟರ ಮುಂದೆ ಕುಳಿತು ಮೆಲ್ಲಗೆ, “ಎರಡು ಮನೆ, ಮೇಷ್ಟ್ರೇ,” ಎಂದ. ಮೇಷ್ಟರು ಏನನ್ನೂ ಹೇಳದೆ ಬೆರಳನ್ನು ಎರಡು ಮನೆ ಕೆಳಕ್ಕೆ ಸರಿಸಿದರು.

ಆದರೆ ಒಂದು ತೊಡಕು ಉಳಿಯಿತು. ರಾಯಭಾರದ ದೃಶ್ಯದಲ್ಲಿ ಕೃಷ್ಣನೂ ದುರ್ಯೋಧನನೂ ಒಬ್ಬರಾದ ಮೇಲೊಬ್ಬರು ಹಾಡುವ ಸಂವಾದವಿದೆ. ಅಲ್ಲಿ ಇಬ್ಬರಿಗೂ ಶ್ರುತಿ ಒಂದೇ ಆಗಿರಬೇಕು. ಕೃಷ್ಣನ ಪಾತ್ರಧಾರಿ ಡೈರಿಯ ಕಾರ್ಯದರ್ಶಿ, ಇಪ್ಪತ್ತೆಂಟರ ಯುವಕ, ದನಿ ಗಂಟೆಯಂಥದು. ನಾಲ್ಕು ಮನೆಯಲ್ಲಿ ಆತ ಹಾಡಿದರೆ ಸಭೆ ಎದ್ದು ಕುಣಿಯುವುದು ಖಂಡಿತ. ಆತನೂ ಹಣ ಕಟ್ಟಿದ್ದವನೇ. ಇಳಿಸೆಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಎಲ್ಲರೂ ಅವನ ಮುಖವನ್ನು ನೋಡಿದರು. ಅವನು ಒಂದು ನಿಮಿಷ ಯೋಚಿಸಿ, “ಇಳಿಸಿ ಮೇಷ್ಟ್ರೇ. ರಾಯಭಾರಕ್ಕೆ ಬಂದವನು ನಾನು, ಬಗ್ಗಬೇಕಾದವನೂ ನಾನೇ. ಏನಂತೀಯಣ್ಣ?” ಎಂದ. ಗುಮಾಸ್ತ ಉತ್ತರ ಕೊಡಲಾರದೆ ಕಷಾಯದ ಫ್ಲಾಸ್ಕನ್ನು ಅವನ ಕಡೆಗೆ ಸರಿಸಿದ.

ನಾಟಕದ ದಿನ ಬಂದಿತು. ಮಧ್ಯಾಹ್ನವೇ ಲಾರಿಯಲ್ಲಿ ಸೀನರಿಗಳು ಬಂದವು. ದರ್ಬಾರು, ಅರಣ್ಯ, ಬೀದಿ, ಸರೋವರಗಳನ್ನು ಬರೆದ ಪರದೆಗಳು ಮೇಲೆ ಕೆಳಗೆ ಆಡುವುದನ್ನು ನೋಡಲು ಮಕ್ಕಳು ಮುತ್ತಿದರು. ಸಂಜೆ ಪಟ್ಟಣದ ಕಲಾವಿದೆಯರು ಬಂದಿಳಿದರು. ಭಾನುಮತಿಯ ಪಾತ್ರ ವಹಿಸುವಾಕೆ ಹಿಂದಿನ ರಾತ್ರಿ ಇನ್ನೊಂದು ಊರಿನಲ್ಲಿ ದ್ರೌಪದಿಯಾಗಿದ್ದವಳು. ಇಂಥವರಿಗೆ ಎಲ್ಲ ಪಾತ್ರಗಳೂ ಕಂಠಪಾಠ, ತಾಲೀಮಿಗೆ ಬಿಡುವಿರುವುದಿಲ್ಲ. ಆಕೆ ಬಣ್ಣ ಹಚ್ಚಿಕೊಳ್ಳುತ್ತಲೇ ಗುಮಾಸ್ತನನ್ನು, “ನಿಮ್ಮ ಶ್ರುತಿ ಎಷ್ಟು ಅಣ್ಣಾ?” ಎಂದು ಕೇಳಿದಳು. ಆತ ಅಳುಕುತ್ತ, “ಎರಡು,” ಎಂದ. “ಒಳ್ಳೇದಾಯ್ತು. ಮೈಕಿದ್ದರೂ ಎಲ್ಲರೂ ಕಿರುಚ್ತಾರೆ. ಅಳೋ ಜಾಗದಲ್ಲಿ ನನಗೆ ಅವರ ಮಾತೇ ಕೇಳಿಸೋದಿಲ್ಲ,” ಎಂದು ಹೇಳಿ ಆಕೆ ಕನ್ನಡಿಯ ಕಡೆಗೆ ತಿರುಗಿದಳು.

ರಾತ್ರಿ ಒಂಬತ್ತಕ್ಕೆ ಪ್ರಾರ್ಥನೆಯಾಯಿತು. ಕೃಷ್ಣನ ಹಾಡುಗಳಿಗೆ ಸಭೆ ‘ಒನ್ಸ್ ಮೋರ್’ ಎಂದು ಕೂಗಿತು. ಭೀಮನಿಗೆ ಮೂರು ನೋಟಿನ ಹಾರಗಳು ಬಿದ್ದವು. ದುರ್ಯೋಧನನಿಗೆ ಬಿದ್ದುದು ಒಂದೇ. ಅದನ್ನು ಹಾಕಿದವನು ಆತನ ಭಾವಮೈದುನ. ದರ್ಬಾರಿನ ದೃಶ್ಯದಲ್ಲಿ ಆತ ಮೊದಲನೆಯ ಕಂದವನ್ನು ಎತ್ತಿದಾಗ, ಹಳಬರೊಬ್ಬರು ಮುಂದಿನ ಸಾಲಿನಿಂದ, “ಅಪ್ಪನ ದನಿ ಬರಲಿಲ್ಲ,” ಎಂದದ್ದು ಆತನ ಕಿವಿಗೇ ಬಿದ್ದಿತು. ಕಿರೀಟ ಹಣೆಯನ್ನು ಕಚ್ಚಿದಂತಾಯಿತು. ಒಂದು ಕ್ಷಣ, ಮೇಷ್ಟರ ಕಡೆಗೆ ಕೈ ಮಾಡಿ ಶ್ರುತಿಯನ್ನು ಏರಿಸಿಬಿಡಬೇಕೆಂಬ ಆಸೆ ಹುಟ್ಟಿತು. ಆತ ಕೈ ಎತ್ತಲಿಲ್ಲ. ಉಸಿರು ತೆಗೆದುಕೊಂಡು, ಎರಡನೆಯ ಸಾಲನ್ನು ಪದವೊಡೆಯದೆ ಹೇಳಿದ.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಕರ್ಣನು ಬಿದ್ದ. ಮಕ್ಕಳು ತಾಯಂದಿರ ತೊಡೆಯ ಮೇಲೆ ನಿದ್ರಿಸುತ್ತಿದ್ದರು. ಚಹ ಮಾರುವವನು ಲೋಟಗಳನ್ನು ತೊಳೆಯುತ್ತಿದ್ದ. ದುರ್ಯೋಧನನು ಗೆಳೆಯನ ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಯಾರಿಗೂ ಹೇಳಬೇಕಾದುದಲ್ಲವೆಂಬಂತೆ ಆ ಪದ್ಯವನ್ನು ಹಾಡಿದ. ತಾರಷಡ್ಜಕ್ಕೆ ಏರುವ ಕಡೆಯಲ್ಲಿ ಏರದೆ ಪಂಚಮದಲ್ಲಿಯೇ ನಿಂತ. ಲೋಟಗಳ ಸದ್ದು ನಿಂತಿತು. ಪದ್ಯ ಮುಗಿದ ಮೇಲೆ ಚಪ್ಪಾಳೆಯಾಗಲಿ, ‘ಒನ್ಸ್ ಮೋರ್’ ಎಂಬ ಕೂಗಾಗಲಿ ಬರಲಿಲ್ಲ. ಆತ ಸೋತೆನೆಂದುಕೊಂಡ. ಪರದೆ ಬಿದ್ದಿತು.

ಸೂರ್ಯೋದಯದ ವೇಳೆಗೆ ಧರ್ಮರಾಯನಿಗೆ ಪಟ್ಟವಾಗಿ ಮಂಗಳ ಹಾಡಿದರು. ಗುಮಾಸ್ತ ಮುಖದ ಬಣ್ಣವನ್ನು ಪೂರ್ತಿಯಾಗಿ ಒರಸದೆಯೇ ಮನೆಯ ಕಡೆಗೆ ನಡೆದ. ಜಗಲಿಯ ಮೇಲೆ ತಂದೆ ಎಚ್ಚರವಾಗಿದ್ದ. ನಾಟಕದ ಬಯಲಿಗೆ ಆತ ಬರಲಾರನು. ಆದರೆ ಬೀದಿಯ ಕಂಬಕ್ಕೆ ಕಟ್ಟಿದ್ದ ಧ್ವನಿವರ್ಧಕವೊಂದು ರಾತ್ರಿಯೆಲ್ಲ ಆತನ ಮಂಚದ ಎದುರಿಗೇ ಹಾಡಿದ್ದಿತು. ಆತ ಏನನ್ನೂ ಕಂಡಿರಲಿಲ್ಲ, ಎಲ್ಲವನ್ನೂ ಕೇಳಿದ್ದ.

ಮಗ ಮಂಚದ ಕೆಳಗೆ ಕುಳಿತು, “ಶ್ರುತಿ ಇಳಿಸಿಬಿಟ್ಟೆ ಅಪ್ಪ. ನಿನ್ನ ಹಾಗೆ ಆಗಲಿಲ್ಲ,” ಎಂದ.

ತಂದೆ ಬಹಳ ಹೊತ್ತು ತುಟಿಗಳನ್ನು ಅಲುಗಿಸಿದ. ಮಾತು ಬರಲು ತಡವಾಯಿತು. ಕೊನೆಗೆ, ಒಂದೊಂದೇ ಪದವನ್ನು ಇಟ್ಟಂತೆ ಹೇಳಿದ: “ನಂದು... ದನಿ ಕೇಳ್ತಿತ್ತು. ನಿಂದು... ಮಾತು ಕೇಳಿಸ್ತು.”

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, “ಕರ್ಣ... ಪಾಪ,” ಎಂದ. ಆತನ ಕಣ್ಣಿನಿಂದ ನೀರು ಹರಿದು ದಿಂಬಿನ ಮೇಲೆ ಬಿದ್ದಿತು. ಮೂವತ್ತು ವರ್ಷ ದುರ್ಯೋಧನನಾಗಿದ್ದವನು ಅಂದು ಕರ್ಣನಿಗಾಗಿ ಅತ್ತ.

ಮೈಕು ಇಲ್ಲದ ಕಾಲದಲ್ಲಿ, ಕಟ್ಟಕಡೆಯ ಸಾಲಿನಲ್ಲಿ ಕುಳಿತ ಬಡವನಿಗೂ ನಾಟಕ ಮುಟ್ಟಲೆಂದು ತಂದೆ ನಾಲ್ಕು ಮನೆಯ ಬೆಟ್ಟವನ್ನು ಹತ್ತಿದ್ದ. ಅದು ಆತನ ಕಾಲದ ಅಗತ್ಯವಾಗಿದ್ದಿತು. ಅದನ್ನು ಹತ್ತಿದ್ದು ಹಿರಿಮೆಯೂ ಹೌದು. ಬೆಟ್ಟ ಹತ್ತುವ ಅಗತ್ಯ ಕಳೆದ ಮೇಲೆ ಮಗನಿಗೆ ಉಳಿದಿದ್ದುದು ಬೇರೆಯ ಕೆಲಸ. ಹಿರಿಯರಿಂದ ಬಂದ ಪುಸ್ತಕದಲ್ಲಿ ಪದ್ಯವೂ ಇರುತ್ತದೆ, ಪಕ್ಕದಲ್ಲಿ ಅವರು ಹಾಕಿದ ಗುರುತೂ ಇರುತ್ತದೆ. ಪದ್ಯವನ್ನು ಉಳಿಸಿಕೊಳ್ಳಲು ಕೆಲವೊಮ್ಮೆ ಗುರುತನ್ನು ಬದಲಿಸಬೇಕಾಗುತ್ತದೆ.

ಸೋಮವಾರ ಬೆಳಗ್ಗೆ ಚಿಕ್ಕಪೇಟೆಯ ಅಂಗಡಿಯಲ್ಲಿ ಗುಮಾಸ್ತ ಖಾತೆಯ ಪುಸ್ತಕವನ್ನು ತೆರೆದ. ಕಿವಿಯ ಹಿಂದೆ ಇನ್ನೂ ಒಂದಿಷ್ಟು ಬಣ್ಣ ಉಳಿದಿದ್ದಿತು. ಟೆಲಿಫೋನು ಬಾರಿಸಿತು. ಎತ್ತಿ ಮಾತನಾಡಿದ. ಆ ಕಡೆಯ ಗಿರಾಕಿ, “ಓ, ನೀವೇನಾ? ಈಗ ದನಿ ಸರಿಹೋಯ್ತು ನೋಡಿ,” ಎಂದ.